ವಿಯೆಟ್ನಾಂಗೆ ಒಬ್ಬಳೇ ಹೊರಟಿದ್ದೇನೆ, ದಾರಿಯಲ್ಲಿ ಸಿಕ್ಕವರ ಜೊತೆ ಎಷ್ಟು ಬೆರೆಯಬಹುದು?

ಮಂಡ್ಯದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ, ಕೆಲಸ ಮೈಸೂರಿನಲ್ಲಿ. ಜೊತೆಗೆ ಬರುತ್ತೇವೆ ಎಂದಿದ್ದ ಇಬ್ಬರು ಗೆಳತಿಯರು ಒಬ್ಬೊಬ್ಬರಾಗಿ ಕೈಕೊಟ್ಟರು. ಟಿಕೆಟ್ ಆಗಿಹೋಗಿದೆ. ಹನೋಯ್, ಹ್ವೆ, ಡಾನಾಂಗ್, ಹೋಯ್ ಆನ್, ಒಟ್ಟು 12 ದಿನ. ಇ-ವೀಸಾ 25 ಡಾಲರ್‌ಗೆ ಸಲೀಸಾಗಿ ಬಂತು, ಸಲೀಸಾಗದೆ ಇರುವುದು ಅಮ್ಮ. ಮೈಸೂರಿಂದ ರಾತ್ರಿ ಟ್ರೈನಿಗೆ ಬಂದರೇ ಶ್ರೀರಂಗಪಟ್ಟಣ ದಾಟುವುದರೊಳಗೆ ಎರಡು ಸಲ ಫೋನ್ ಮಾಡುತ್ತಾರೆ! ನನಗೆ ಕಳ್ಳರಿಗಿಂತ ಜಾಸ್ತಿ ಭಯ ಇನ್ನೊಂದು: 12 ದಿನ ಯಾರ ಹತ್ತಿರವೂ ಮಾತಿಲ್ಲದೆ ಕಳೆದುಬಿಟ್ಟರೆ? ನಾನಾಗಿ ಮಾತಾಡಿಸುವ ಸ್ವಭಾವ ನನ್ನದಲ್ಲ. ಹೋಗಿ ಬಂದವರು ಹೇಳಿ.

ಗಂಜಿ ಎಳನೀರು:
ನಾನೂ ಮಾತು ಕಮ್ಮಿ. ಅದಕ್ಕೇ ಹೇಳುವುದು, ಟ್ರೈನಿನಲ್ಲಿ ಹೋಗಿ. ಹ್ವೆಯಿಂದ ಡಾನಾಂಗ್ ಸುಮಾರು 100 ಕಿಲೋಮೀಟರ್, ಬಸ್ಸು ಹೈ ವಾನ್ ಬೆಟ್ಟದ ಸುರಂಗದಲ್ಲಿ ನುಗ್ಗಿ ಹೋಗಿಬಿಡುತ್ತದೆ, ಟ್ರೈನು ಮಾತ್ರ ಸಮುದ್ರದ ಮಗ್ಗುಲಲ್ಲೇ ಬೆಟ್ಟ ಸುತ್ತಿಕೊಂಡು ನಿಧಾನಕ್ಕೆ ಹೋಗುತ್ತದೆ. ಎಡಗಡೆ ಸೀಟು ಹಿಡಿಯಿರಿ. ನನಗೆ ಬಲಗಡೆ ಸಿಕ್ಕಿತ್ತು, ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಎಡಗಡೆ ಕೂತಿದ್ದ ಬಿಳಿ ಕೂದಲಿನ ಪೋಲೆಂಡ್ ಹೆಂಗಸು ಬ್ಯಾಗು ಸರಿಸಿ ಜಾಗ ಕೊಟ್ಟರು. ಯಾವ ಊರು ಅಂದರು. ಮೈಸೂರು ಅಂದೆ. ಅವರು ನಗುತ್ತಾ "ಗಂಜಿ ಇರೋದು ಕೊಡಿ" ಅನ್ನಬೇಕಾ! ಯೋಗ ಕಲಿಯಲು ಗೋಕುಲಂನಲ್ಲಿ ಮೂರು ತಿಂಗಳು ಇದ್ದರಂತೆ, ಅವರಿಗೆ ಬರುವ ಕನ್ನಡ ಎಳನೀರು ಗಾಡಿ ಹತ್ತಿರ ಕಲಿತ ಅಷ್ಟೇ ಕನ್ನಡ. ಇಬ್ಬರೂ ಹೋಯ್ ಆನ್‌ನಲ್ಲಿ ಎರಡು ದಿನ ಒಟ್ಟಿಗೆ ತಿರುಗಿದೆವು, ಮಧ್ಯಾಹ್ನ ಅವರು ಮಲಗಿದರೆ ನಾನೊಬ್ಬಳೇ ಸೈಕಲ್ ತುಳಿದೆ. ಮೂರನೇ ದಿನ ಅವರು ದಕ್ಷಿಣಕ್ಕೆ ಹೋದರು. ನಂಬರ್ ತೆಗೆದುಕೊಳ್ಳಲೇ ಇಲ್ಲ, ಈಗ ಬೇಜಾರೇನೂ ಇಲ್ಲ.

ಹಾಸ್ಟೆಲ್‌ನಲ್ಲಿ ಹೆಂಗಸರ ಡಾರ್ಮ್ ತಗೊಳ್ಳಿ, ಲಾಕರ್‌ಗೆ ನಿಮ್ಮದೇ ಬೀಗ ಒಯ್ಯಿರಿ.

ಸರಸ್ವತಿಪುರಂ ಮೇಷ್ಟ್ರು:
ಹೋಗಿ ಬಾಮ್ಮ, ಧೈರ್ಯವಾಗಿ. ಆದರೆ ಒಂದು ಮಾತು. ನೀನು ಮಾತಾಡಿಸಿದವರು ಬೇರೆ, ತಾವಾಗಿ ಬಂದು ಮಾತಾಡಿಸಿದವರು ಬೇರೆ. ಬ್ಯಾಂಕಾಕಿನಲ್ಲಿ ಅರಮನೆ ಹತ್ತಿರ ಇಸ್ತ್ರಿ ಶರಟಿನವನೊಬ್ಬ "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸ್ತೀನಿ" ಎಂದು ಟುಕ್‌ಟುಕ್ ಹತ್ತಿಸಿದ, ಹೋಗಿ ನಿಂತಿದ್ದು ಹರಳಿನ ಅಂಗಡಿ ಮುಂದೆ. ಹಳೇ ಮೋಸ ಅದು. ನಮ್ಮ ಅರಮನೆ ಬಾಗಿಲಲ್ಲಿ ಇಂಥ ಮಾತು ಕೇಳಿ ಕೇಳಿ ಬೆಳೆದ ನಾನೇ ಬಿದ್ದೆ ನೋಡು. ಅರ್ಧ ದಿನ ಹಾಳು, ದುಡ್ಡು ಉಳಿಯಿತು, ಏಕೆಂದರೆ ಪರ್ಸಿನಲ್ಲಿ ಇರಲೇ ಇಲ್ಲ.

ಸಿಕ್ಕವರ ಜೊತೆ ಊಟ ಮಾಡು, ತಿರುಗು. ಎಲ್ಲಿ ಇಳಿದುಕೊಂಡಿದ್ದೀಯ ಅಂತ ಮಾತ್ರ ಹೇಳಬೇಡ. ಕೇಳಿದರೆ ಅಣ್ಣ ಸಂಜೆ ಬರ್ತಾನೆ ಅನ್ನು. ಇಲ್ಲದ ಅಣ್ಣ ಆ ಹೊತ್ತಿಗೆ ಒದಗುತ್ತಾನೆ.

ಬರೀ ಸೊಪ್ಪು:
ಅಕ್ಕ, ಸಸ್ಯಾಹಾರಿನಾ? ಅಂಗಡಿ ಬೋರ್ಡಿನಲ್ಲಿ 'ಚಾಯ್' ಅಂತ ಇದ್ದರೆ ಟೀ ಅಂದುಕೊಳ್ಳಬೇಡಿ, ಅದು ಸಸ್ಯಾಹಾರ. ಅಲ್ಲಿ ತುಂಬಾ ಜನ ಚಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುತ್ತಾರೆ, ನಮ್ಮ ಹುಣ್ಣಿಮೆ ಅಮಾವಾಸ್ಯೆ ಹಾಗೆಯೇ. ಆ ದಿನ ಇಂಥ ಅಂಗಡಿಗೆ ಹೋದರೆ ಜಾಗ ಸಾಲದೆ ಪಕ್ಕದಲ್ಲಿ ಯಾರಾದರೂ ಬಂದು ಕೂರಲೇಬೇಕು. ರಾತ್ರಿ ಟ್ರೈನಿನಲ್ಲಿ ಮಾತು ಶುರುವಾಗಲು ಕೋಡುಬಳೆ ಸಾಕು. ನನ್ನ ಡಬ್ಬ ತೆಗೆದಾಗ ಎದುರು ಬರ್ತಿನ ಅಜ್ಜಿ ಒಂದು ಕಚ್ಚಿ, ಖಾರಕ್ಕೆ ಕಣ್ಣು ಒರೆಸಿಕೊಂಡು, ಇನ್ನೊಂದಕ್ಕೆ ಕೈ ಚಾಚಿತು. ಆಮೇಲೆ ಫೋನಿನಲ್ಲಿ ಅನುವಾದ ಮಾಡಿಕೊಂಡು ನನ್ನ ಸಂಬಳ ಎಷ್ಟು, ಮದುವೆ ಯಾವಾಗ ಎಲ್ಲಾ ಕೇಳಿತು.

ಮಂಡ್ಯದ ಹುಡುಗಿ:
ಮದುವೆ ಪ್ರಶ್ನೆ ಅಲ್ಲೂ ಬಿಡಲ್ವಾ! ಎಡಗಡೆ ಸೀಟೇ ಬುಕ್ ಮಾಡಿದೆ. ಮೇಷ್ಟ್ರ ಉತ್ತರ ಅಮ್ಮನಿಗೆ ಓದಿ ಹೇಳಿದೆ, ಹರಳಿನ ಅಂಗಡಿ ಭಾಗ ಬಿಟ್ಟು. ಅವರೀಗ ಕೋಡುಬಳೆಗೆ ಅಕ್ಕಿ ಹಿಟ್ಟು ಬೀಸಿಸಲು ಹೋಗಿದ್ದಾರೆ. ಖಾರ ಕಮ್ಮಿ ಹಾಕಿ ಅಂತ ಹೇಳಬೇಕು.