ಮೂಗುಬೊಟ್ಟಿಗೆ ಕೇಳುವ ನ್ಯಾಯ, ಬಾಡಿಗೆ ಕೋಣೆಗೂ ಬೇಕು

ಬಳಗದ ಆತ್ಮೀಯರಿಗೆ ನಮಸ್ಕಾರ.

ಕಳೆದ ವಾರ ನಮ್ಮ ನಡುವಿನ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಬೇಸಿಗೆ ರಜೆಗೆ ಊರಿಗೆ ಹೋಗಿದ್ದಾಗ ಅಜ್ಜಿ ಮೊಮ್ಮಗಳಿಗೆ ಮೂಗು ಚುಚ್ಚಿಸಿ, ಒಂದೇ ಹರಳಿನ ಪುಟ್ಟ ಮೂಗುಬೊಟ್ಟು ಹಾಕಿಸಿದ್ದಾರೆ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೊದಲ ದಿನವೇ ಅದನ್ನು ತೆಗೆದು ಬರಬೇಕೆಂದು ಶಾಲೆಯವರು ಹೇಳಿ ಕಳಿಸಿದ್ದಾರೆ. ಇಂಗ್ಲೆಂಡಿನ ಕಾನೂನು ನಮ್ಮ ಕಡೆ ಇದೆಯೇ ಎಂಬುದು ಆಕೆಯ ಪ್ರಶ್ನೆ. ನಲವತ್ತಕ್ಕೂ ಹೆಚ್ಚು ಮಂದಿ ಉತ್ತರ ಬರೆದರು, ಬಹುಪಾಲು ಎಲ್ಲರೂ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಶಾಲೆಯನ್ನು ಖಂಡಿಸಿದರು. ಅದೇ ವಾರ ಇದೇ ಗುಂಪಿನಲ್ಲಿ ಬಾಡಿಗೆಗೆ ಕೋಣೆ ಇದೆ ಎಂಬ ಪ್ರಕಟಣೆಯೂ ಬಂದಿತ್ತು. ಅದನ್ನು ನೋಡಿ ಫೋನು ಮಾಡಿದ, ಕಲಬುರಗಿ ಕಡೆಯಿಂದ ಓದಲು ಬಂದಿರುವ ಹುಡುಗನಿಗೆ, ಎಲ್ಲಿ ಓದುತ್ತೀಯ, ಬಾಡಿಗೆ ಕೊಡಲು ಆಗುತ್ತದೆಯೇ ಎಂದು ಕೇಳುವ ಮೊದಲೇ "ನಿಮ್ಮದು ಯಾವ ಮಠ?" ಎಂದು ಕೇಳಲಾಯಿತು. ಅವನು ಉತ್ತರ ಕೊಟ್ಟ ಮೇಲೆ ಕೋಣೆ ಆಗಲೇ ಹೋಗಿಬಿಟ್ಟಿದೆ ಎಂದರು. ಪ್ರಕಟಣೆ ಮಾತ್ರ ಇನ್ನೂ ನಾಲ್ಕು ದಿನ ಹಾಗೆಯೇ ಇತ್ತು. ಅದರ ಬಗ್ಗೆ ಯಾರೂ ಒಂದು ಮಾತೂ ಬರೆಯಲಿಲ್ಲ.

ನಾನು ವಕೀಲೆಯಲ್ಲ. ಇಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ, ಒಂದು ಶಾಲೆಯ ಆಡಳಿತ ನೋಡಿಕೊಳ್ಳುವ ಗವರ್ನರ್ ಮಂಡಳಿಯಲ್ಲಿ ಕೆಲವು ವರ್ಷ ಕುಳಿತಿದ್ದೇನೆ. ಆ ಕೆಲಸಕ್ಕಾಗಿ ಓದಬೇಕಾದದ್ದನ್ನು ಓದಿಕೊಂಡಿದ್ದೇನೆ. ಆ ತಿಳಿವಳಿಕೆಯಿಂದ ಹೇಳುವುದಾದರೆ, ಆ ಮಗುವಿನ ಮೂಗುಬೊಟ್ಟು ಮತ್ತು ಆ ಹುಡುಗನ ಕೋಣೆ, ಎರಡನ್ನೂ ತೂಗಬೇಕಾದದ್ದು 2010ರ ಸಮಾನತಾ ಕಾಯ್ದೆ ಎಂಬ ಒಂದೇ ತಕ್ಕಡಿಯಲ್ಲಿ.

ಮೊದಲು ಮೂಗುಬೊಟ್ಟಿನ ವಿಚಾರ. ಈ ಕಾಯ್ದೆ ಒಂಬತ್ತು ಲಕ್ಷಣಗಳ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಧರ್ಮ ಅಥವಾ ನಂಬಿಕೆ ಅವುಗಳಲ್ಲಿ ಒಂದು, ಜನಾಂಗ ಇನ್ನೊಂದು. "ಯಾರೂ ಮೂಗಿಗೆ ಆಭರಣ ಹಾಕಬಾರದು" ಎಂಬ ನಿಯಮ ಎಲ್ಲ ಮಕ್ಕಳಿಗೂ ಒಂದೇ ಆದ್ದರಿಂದ ಅದು ನೇರ ತಾರತಮ್ಯವಲ್ಲ. ಆದರೆ ಎಲ್ಲರಿಗೂ ಒಂದೇ ಆದ ನಿಯಮವು ಒಂದು ಸಮುದಾಯದ ಮಕ್ಕಳ ಮೇಲೆ ಮಾತ್ರ ಹೆಚ್ಚಿನ ಭಾರ ಹೊರಿಸಿದರೆ ಅದು ಪರೋಕ್ಷ ತಾರತಮ್ಯವಾಗಬಹುದು, ಮತ್ತು ಆಗ ತನ್ನ ಉದ್ದೇಶ ನ್ಯಾಯವಾದದ್ದು, ಅದಕ್ಕಾಗಿ ಹಿಡಿದ ದಾರಿ ಅಳತೆ ಮೀರಿದ್ದಲ್ಲ ಎಂದು ತೋರಿಸುವ ಹೊಣೆ ಶಾಲೆಯದಾಗುತ್ತದೆ. ಅಂಗವೈಕಲ್ಯವಿರುವ ಮಗುವಿಗಾಗಿ ಸೂಕ್ತ ಹೊಂದಾಣಿಕೆ ಮಾಡಲೇಬೇಕೆಂದು ಕಾಯ್ದೆ ಹೇಳುವಂತೆ ಧರ್ಮದ ವಿಷಯದಲ್ಲಿ ಪ್ರತ್ಯೇಕ ಕರ್ತವ್ಯವನ್ನು ಅದು ಹೇಳಿಲ್ಲ. ಆದ್ದರಿಂದ "ನಮ್ಮ ಹಕ್ಕು, ಕೊಡಲೇಬೇಕು" ಎಂದು ಪತ್ರ ಬರೆದರೆ ಪ್ರಯೋಜನವಾಗದು. ಶಾಲೆಯ ಉದ್ದೇಶಕ್ಕೆ ಈ ಹರಳಿನಿಂದ ಏನು ಧಕ್ಕೆ ಎಂದು ಕೇಳಬೇಕು.

ಈ ಪ್ರಶ್ನೆಯೊಂದೇ ಫಲಿತಾಂಶವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇಲ್ಲಿಯವೇ ಎರಡು ಉದಾಹರಣೆಗಳಿವೆ. 2008ರಲ್ಲಿ ವೇಲ್ಸ್‌ನ ಅಬರ್ಡೇರ್‌ನ ಸಿಖ್ ಬಾಲಕಿಯೊಬ್ಬಳು ತನ್ನ ಕೈಯ ಕಡವನ್ನು ತೆಗೆಯಲು ಒಪ್ಪದೆ ಶಾಲೆಯ ವಿರುದ್ಧ ಹೈಕೋರ್ಟಿನಲ್ಲಿ ಗೆದ್ದಳು. ಅದು ತೆಳುವಾದ ಲೋಹದ ಬಳೆ, ಆಕೆಗೆ ಅದರ ಅರ್ಥ ದೊಡ್ಡದು, ಶಾಲೆಗೆ ಅದರಿಂದ ತೊಂದರೆ ಬಹಳ ಚಿಕ್ಕದು. ಅದಕ್ಕೆ ಎರಡು ವರ್ಷ ಮೊದಲು, 2006ರಲ್ಲಿ, ಲೂಟನ್‌ನ ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಮೈಪೂರ್ತಿ ಮುಚ್ಚುವ ಜಿಲ್ಬಾಬ್ ಧರಿಸಲು ಅನುಮತಿ ಕೇಳಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತಳು. ಆ ಶಾಲೆ ತಂದೆತಾಯಂದಿರೊಂದಿಗೂ ಸುತ್ತಮುತ್ತಲಿನ ಮಸೀದಿಗಳೊಂದಿಗೂ ಸಮಾಲೋಚಿಸಿ, ಸಲ್ವಾರ್ ಕಮೀಜ್ ಮತ್ತು ತಲೆವಸ್ತ್ರಕ್ಕೆ ಮೊದಲೇ ಅವಕಾಶ ಮಾಡಿಕೊಟ್ಟಿತ್ತು. ಶಾಲೆ ಮಕ್ಕಳ ಧರ್ಮವನ್ನು ಮೊದಲೇ ಯೋಚಿಸಿತ್ತೇ, ಇಲ್ಲವೇ ಎಂಬುದು ಬಹಳ ಮುಖ್ಯವಾಗುತ್ತದೆ. ನಾನು ಗವರ್ನರ್ ಆಗಿದ್ದ ಕಾಲದಲ್ಲಿ ಕಂಡದ್ದೂ ಇದೇ: ಹೆಚ್ಚಿನ ಶಾಲೆಗಳಿಗೆ ದ್ವೇಷವಿರುವುದಿಲ್ಲ, ಯಾರೂ ಕೇಳದ ಪ್ರಶ್ನೆಯ ಬಗ್ಗೆ ಅವು ಯೋಚಿಸಿರುವುದಿಲ್ಲ, ಅಷ್ಟೆ.

ಆದರೆ ಮೂಗುಬೊಟ್ಟಿನ ಬಗ್ಗೆಯೇ ಅತ್ಯಂತ ಸೂಕ್ಷ್ಮವಾಗಿ ಯೋಚಿಸಿದ್ದು ಇಂಗ್ಲೆಂಡಿನ ನ್ಯಾಯಾಲಯವಲ್ಲ, ದಕ್ಷಿಣ ಆಫ್ರಿಕದ್ದು. ಡರ್ಬನ್ನಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಓದುತ್ತಿದ್ದ ತಮಿಳು ಮೂಲದ ಬಾಲಕಿ 2004ರ ರಜೆಯಲ್ಲಿ ಮೂಗು ಚುಚ್ಚಿಸಿಕೊಂಡು ಬಂದಳು. ಇದು ಫ್ಯಾಷನ್ ಅಲ್ಲ, ಮನೆತನದಲ್ಲಿ ನಡೆದುಬಂದ ಪದ್ಧತಿ, ಹದಿನಾರು ತುಂಬಿದಾಗ ಅಜ್ಜಿ ಈ ಚಿನ್ನದ ಬೊಟ್ಟನ್ನು ತೆಗೆದು ವಜ್ರದ್ದನ್ನು ಹಾಕುತ್ತಾರೆ ಎಂದು ತಾಯಿ ಶಾಲೆಗೆ ಬರೆದರು. ಸಾವಿರಾರು ಮೈಲಿ ದೂರದಲ್ಲಿ, ಕಬ್ಬಿನ ತೋಟದ ಕೂಲಿಗೆಂದು ದಕ್ಷಿಣ ಭಾರತದಿಂದ ಹಡಗು ಹತ್ತಿದವರ ಮೊಮ್ಮಕ್ಕಳು ಮರಿಮಕ್ಕಳ ಕಾಲದಲ್ಲೂ ಅಜ್ಜಿ, ಮೊಮ್ಮಗಳು ಮತ್ತು ಮೂಗುಬೊಟ್ಟಿನ ನಂಟು ನಮ್ಮ ಮನೆಗಳಲ್ಲಿ ಇರುವಂತೆಯೇ ಉಳಿದಿತ್ತು ಎಂಬುದನ್ನು ಓದಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. 2007ರ ಅಕ್ಟೋಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ ಆಕೆ ಆ ಶಾಲೆಯನ್ನು ಬಿಟ್ಟಾಗಿತ್ತು. ಆದರೂ ಮುಖ್ಯ ನ್ಯಾಯಮೂರ್ತಿ ಪಯಸ್ ಲಾಂಗಾ ಅವರು ವಿಷಯವನ್ನು ಕೈಬಿಡಲಿಲ್ಲ. ಮೂಗುಬೊಟ್ಟು ಧರ್ಮದ ಕಡ್ಡಾಯ ವಿಧಿಯಲ್ಲ ಎಂಬುದನ್ನು ಒಪ್ಪಿಕೊಂಡೇ, ಕಡ್ಡಾಯವಾದದ್ದಕ್ಕೆ ಮಾತ್ರವಲ್ಲದೆ ಮನಸಾರೆ ಆಚರಿಸುವ ಐಚ್ಛಿಕ ಪದ್ಧತಿಗೂ ರಕ್ಷಣೆ ಸಲ್ಲುತ್ತದೆ, ಶಾಲೆ ವಿನಾಯಿತಿ ಕೊಡಬೇಕಾಗಿತ್ತು ಎಂದು ಅವರು ಬರೆದರು.

ಈ ತೀರ್ಪು ನಮ್ಮ ಊರಿಗೂ ಬಂದಿತು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹಿಜಾಬ್ ಪ್ರಕರಣದ ತೀರ್ಪು ಕೊಟ್ಟಾಗ, ವಿದ್ಯಾರ್ಥಿನಿಯರ ಪರವಾಗಿ ಮುಂದಿಟ್ಟಿದ್ದ ಡರ್ಬನ್ನಿನ ಈ ತೀರ್ಪನ್ನೂ ಪರಿಶೀಲಿಸಿ, ಮೂಗುಬೊಟ್ಟು ಕಣ್ಣಿಗೆ ಬೀಳದಷ್ಟು ಚಿಕ್ಕದು, ತಲೆವಸ್ತ್ರ ಹಾಗಲ್ಲ ಎಂದು ಬೇರ್ಪಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ವಿಷಯದಲ್ಲಿ ಭಿನ್ನ ತೀರ್ಪು ನೀಡಿದರು. ಆಗ ಈ ಗುಂಪಿನಲ್ಲಿ ಏನೇನು ಬರೆಯಲಾಗಿತ್ತು ಎಂಬುದು ನನಗೆ ನೆನಪಿದೆ. "ಶಾಲೆ ಎಂದರೆ ಸಮವಸ್ತ್ರ, ಧರ್ಮ ಮನೆಯಲ್ಲಿ" ಎಂದು ಅಂದು ಬರೆದವರಲ್ಲಿ ಕೆಲವರೇ ಕಳೆದ ವಾರ ಮೂಗುಬೊಟ್ಟಿಗಾಗಿ ಸಿಟ್ಟಾದರು. ಗಾತ್ರದ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ, ಲೂಟನ್ ಮತ್ತು ಅಬರ್ಡೇರ್ ತೀರ್ಪುಗಳಲ್ಲೂ ಅದು ಇದೆ. ಆದರೆ ನಮ್ಮ ಮಗಳ ವಿಷಯದಲ್ಲಿ "ಇದರ ಅರ್ಥವನ್ನು ನಮ್ಮಿಂದ ಕೇಳಿ ತಿಳಿಯಿರಿ" ಎನ್ನುವವರು, ಬೇರೆಯವರ ಮಗಳ ವಿಷಯದಲ್ಲಿ ಅವಳಿಂದ ಕೇಳುವ ಮೊದಲೇ ಅರ್ಥವನ್ನು ತೀರ್ಮಾನಿಸಿಬಿಡಬಾರದು.

ಇನ್ನು ಕೋಣೆಯ ವಿಷಯ. ಆ ಒಂಬತ್ತು ಲಕ್ಷಣಗಳಲ್ಲಿ ಜಾತಿಯ ಹೆಸರಿಲ್ಲ; ಅದು ಜನಾಂಗದೊಳಗೆ ಹೇಗೆ ಬಂದಿತು ಎಂಬುದನ್ನು ಮೊದಲು ನೋಡಬೇಕು. 1983ರಲ್ಲಿ ಬ್ರಿಟನ್ನಿನಲ್ಲಿ ಧರ್ಮದ ಆಧಾರದ ತಾರತಮ್ಯಕ್ಕೆ ತಡೆಯೊಡ್ಡುವ ಕಾಯ್ದೆಯೇ ಇರಲಿಲ್ಲ. 1976ರ ಜನಾಂಗ ಸಂಬಂಧ ಕಾಯ್ದೆಯೊಂದೇ ಇದ್ದದ್ದು. ಬರ್ಮಿಂಗ್‌ಹ್ಯಾಮಿನ ಶಾಲೆಯೊಂದು ಪೇಟ ಕಟ್ಟಿದ ಸಿಖ್ ಬಾಲಕನನ್ನು ಸೇರಿಸಿಕೊಳ್ಳಲು ಒಪ್ಪದಿದ್ದಾಗ, ಸಿಖ್ಖರು ಬರಿಯ ಧರ್ಮದವರಲ್ಲ, ದೀರ್ಘ ಇತಿಹಾಸವನ್ನೂ ಸಂಸ್ಕೃತಿಯನ್ನೂ ಹಂಚಿಕೊಂಡ ಒಂದು ಜನಸಮುದಾಯ, ಆದ್ದರಿಂದ ಆ ಕಾಯ್ದೆಯ ಆಶ್ರಯ ಅವರಿಗಿದೆ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. 2009ರಲ್ಲಿ ಲಂಡನ್ನಿನ ಯಹೂದಿ ಶಾಲೆಯೊಂದು ತಾಯಿಯ ಕುಲವನ್ನು ನೋಡಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದುದು ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಶಾಲೆಯ ಕಾರಣ ಶುದ್ಧ ಧಾರ್ಮಿಕವಾಗಿತ್ತು, ಅದನ್ನು ಯಾರೂ ಅನುಮಾನಿಸಲಿಲ್ಲ. ಆದರೂ ಹುಟ್ಟನ್ನು ನೋಡಿ ಒಳಗೆ ಹೊರಗೆ ಎಂದು ತೀರ್ಮಾನಿಸಿದರೆ, ಉದ್ದೇಶ ಎಷ್ಟೇ ಶ್ರದ್ಧೆಯದಾಗಿದ್ದರೂ ಅದು ಜನಾಂಗೀಯ ತಾರತಮ್ಯವೇ ಎಂದು ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹೇಳಿದರು. ಈ ಎರಡು ತೀರ್ಪುಗಳ ಮೇಲೆ ನಿಂತೇ 2014ರ ಡಿಸೆಂಬರಿನಲ್ಲಿ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿಯು, ಭಾರತದಿಂದ ಕರೆತಂದ ಮನೆಗೆಲಸದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ, ಜಾತಿಯೂ ಜನಾಂಗ ಮೂಲದೊಳಗೆ ಬರಬಹುದು ಎಂದಿತು. ಆಕೆಗೆ ಗಂಟೆಗೆ 11 ಪೆನ್ಸಿನಷ್ಟು ಕೂಲಿ ಕೊಡಲಾಗುತ್ತಿತ್ತು; ಮರುವರ್ಷ ಬಾಕಿ ಕೂಲಿಯೆಂದು 1,83,000 ಪೌಂಡಿಗೂ ಹೆಚ್ಚು ಹಣ ಕೊಡಬೇಕೆಂದು ಆದೇಶವಾಯಿತು. ಪೇಟಕ್ಕಾಗಿ ತೆರೆದ ಬಾಗಿಲಿನಿಂದಲೇ ಜಾತಿಯ ವಿಚಾರವೂ ಒಳಗೆ ಬಂದಿತು.

ಜಾತಿಯನ್ನು ಕಾಯ್ದೆಯಲ್ಲಿ ಹೆಸರಿಸಿಯೇ ಸೇರಿಸಬೇಕೆಂದು 2013ರಲ್ಲಿ ಪಾರ್ಲಿಮೆಂಟು ಸರ್ಕಾರಕ್ಕೆ ವಿಧಿಸಿತ್ತು. 2018ರ ಜುಲೈನಲ್ಲಿ ಸರ್ಕಾರ, ನ್ಯಾಯಾಲಯದ ತೀರ್ಪುಗಳೇ ಸಾಕು ಎಂದು ಅದರಿಂದ ಹಿಂದೆ ಸರಿಯಿತು. ಹಿಂದೂಗಳನ್ನು ಮಾತ್ರ ಗುರಿಮಾಡಿದಂತಾಗುತ್ತದೆ, ಜಾತಿಯನ್ನು ಮರೆತ ಮಕ್ಕಳಿಗೆ ಕಾನೂನೇ ಜಾತಿಯನ್ನು ನೆನಪಿಸುತ್ತದೆ ಎಂದು ವಾದಿಸಿದವರಲ್ಲಿ ನಮ್ಮ ಬಳಗದವರೂ ಇದ್ದರು, ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಶಾಲೆಯಲ್ಲಿ "ನೀನು ಯಾವ ಕಾಸ್ಟ್?" ಎಂದು ಕೇಳಿಸಿಕೊಂಡು ನನ್ನ ಮಗನೂ ಮುಖ ಸಣ್ಣದು ಮಾಡಿಕೊಂಡು ಬಂದದ್ದುಂಟು. ಆದರೆ ಕಾಯ್ದೆಯಲ್ಲಿ ಹೆಸರಿಲ್ಲದ ತೊಂದರೆಯನ್ನು ನ್ಯಾಯಾಲಯದಲ್ಲಿ ಸಾಧಿಸಬೇಕಾದ ಹೊರೆ ಆ ಕಲಬುರಗಿಯ ಹುಡುಗನಂಥವರ ಮೇಲೆ ಬೀಳುತ್ತದೆ. ಹೆಸರಿಸಬೇಕಾಗಿತ್ತು ಎಂಬುದೇ ನನ್ನ ಅಭಿಪ್ರಾಯ.

"ನನ್ನ ಮನೆ, ನನ್ನ ಅಡುಗೆಮನೆ, ನನ್ನ ಮಡಿ" ಎಂಬ ಉತ್ತರ ಬರುತ್ತದೆಂದು ನನಗೆ ಗೊತ್ತು. ಮಾಲೀಕರು ಅದೇ ಮನೆಯಲ್ಲಿದ್ದು, ಅಡುಗೆಮನೆ, ಬಚ್ಚಲುಗಳನ್ನು ಹಂಚಿಕೊಳ್ಳುವ ಚಿಕ್ಕ ಮನೆಗಳಿಗೆ ಕಾಯ್ದೆ ಒಂದಿಷ್ಟು ಸಡಿಲಿಕೆ ಕೊಟ್ಟಿದೆ. ಒಂಟಿ ಹೆಣ್ಣುಮಗಳು ಹೆಣ್ಣುಮಕ್ಕಳಿಗೆ ಮಾತ್ರ ಕೋಣೆ ಕೊಡಬಹುದು. ಆದರೆ ಜನಾಂಗದ ವಿಷಯದಲ್ಲಿ ಆ ಸಡಿಲಿಕೆಯೂ ಇಲ್ಲ. ಮನೆಯಲ್ಲಿ ಮಾಂಸ ಬೇಯಿಸಬೇಡಿ ಎನ್ನುವುದು ನಡವಳಿಕೆಯ ನಿಯಮ, ಯಾವ ಜಾತಿಯವರಾದರೂ ಒಪ್ಪಿ ಪಾಲಿಸಬಹುದು. ನೀವು ಯಾವ ಮಠ ಎನ್ನುವುದು ಹುಟ್ಟಿನ ಪ್ರಶ್ನೆ, ಅದಕ್ಕೆ ಆ ಹುಡುಗ ಯಾವ ಉತ್ತರ ಕೊಟ್ಟು ತಾನೇ ಪಾರಾಗಬಲ್ಲ? ಕಾರ್ನ್‌ವಾಲ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಕ್ರೈಸ್ತ ದಂಪತಿ, ಇಬ್ಬರು ಗಂಡಸರ ಜೋಡಿಗೆ ಒಂದೇ ಹಾಸಿಗೆಯ ಕೋಣೆ ಕೊಡಲು ತಮ್ಮ ನಂಬಿಕೆ ಬಿಡದು ಎಂದು ಹೇಳಿ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಹಾಗೆಂದು ನಂಬಿಕೆಗೆ ಬೆಲೆಯೇ ಇಲ್ಲವೆಂದಲ್ಲ: 2018ರಲ್ಲಿ ಬೆಲ್‌ಫಾಸ್ಟಿನ ಬೇಕರಿಯವರು ಸಲಿಂಗ ವಿವಾಹವನ್ನು ಬೆಂಬಲಿಸುವ ಬರಹವನ್ನು ಕೇಕಿನ ಮೇಲೆ ಬರೆಯಲು ಒಪ್ಪದಿದ್ದಾಗ, ಅವರು ಗಿರಾಕಿಯನ್ನು ನಿರಾಕರಿಸಲಿಲ್ಲ, ತಾವು ಒಪ್ಪದ ಮಾತನ್ನು ಬರೆಯಲು ನಿರಾಕರಿಸಿದರು ಎಂದು ಅದೇ ನ್ಯಾಯಾಲಯ ಅವರ ಪರ ತೀರ್ಪಿತ್ತಿತು.

ಇದೆಲ್ಲ ಪರದೇಶದ ನ್ಯಾಯ, ನಮ್ಮ ಸಂಪ್ರದಾಯಕ್ಕೆ ಹೊಂದದು ಎನ್ನುವವರಿಗೆ ಮೂಲ್ಕಿಯನ್ನು ನೆನಪಿಸುತ್ತೇನೆ. ನನ್ನ ತವರಿನ ದಾರಿ ಅದು. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ್ದು, ಯಾರು ಒಳಗೆ ಬರಬೇಕೆಂಬುದು ತಮ್ಮ ಧಾರ್ಮಿಕ ವಿಷಯವೆಂದು ಆಡಳಿತದವರು ವಾದಿಸಿದ್ದರು. 1957ರ ನವೆಂಬರಿನಲ್ಲಿ ಭಾರತದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ, ದೇವಸ್ಥಾನ ಆ ಸಮುದಾಯದ್ದೇ ಹೌದು, ಪ್ರವೇಶ ಧಾರ್ಮಿಕ ವಿಷಯವೂ ಹೌದು ಎಂದು ಒಪ್ಪಿಕೊಂಡ ಮೇಲೆಯೂ, ಎಲ್ಲ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆಯುವ ಕಾನೂನಿಗೆ ಆ ಹಕ್ಕು ತಲೆಬಾಗಬೇಕು, ಆದರೆ ಕೆಲವು ವಿಶೇಷ ಸೇವೆಗಳನ್ನು ಸಮುದಾಯದವರು ತಮ್ಮೊಳಗೇ ನಡೆಸಿಕೊಳ್ಳಬಹುದು ಎಂದಿತು. ಎರಡು ಹಕ್ಕುಗಳಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಉಳಿಸದೆ, ಎರಡಕ್ಕೂ ಜಾಗ ಹುಡುಕಿದ ತೀರ್ಪು ಅದು, ಕಾರ್ನ್‌ವಾಲ್ ಮತ್ತು ಬೆಲ್‌ಫಾಸ್ಟಿಗಿಂತ ಅರ್ಧ ಶತಮಾನಕ್ಕೂ ಹಿಂದಿನದು.

ಮಕ್ಕಳ ಪಾಠದ ಬಗ್ಗೆಯೂ ಕೆಲವರು ಕೇಳಿದ್ದರಿಂದ ಒಂದು ಮಾತು. ಪ್ರಾರ್ಥನಾ ಸಭೆ ಮತ್ತು ಧಾರ್ಮಿಕ ಶಿಕ್ಷಣದ ತರಗತಿಯಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ಇಂಗ್ಲೆಂಡಿನಲ್ಲಿ ತಂದೆತಾಯಂದಿರಿಗಿದೆ. 2020ರ ಸೆಪ್ಟೆಂಬರಿನಿಂದ ಕಡ್ಡಾಯವಾದ, ಸಂಬಂಧಗಳ ಕುರಿತ ಪಾಠಗಳಿಂದ ಬಿಡಿಸಿಕೊಳ್ಳುವಂತಿಲ್ಲ. ನಾನಾದರೆ ಎರಡರಿಂದಲೂ ಬಿಡಿಸುವುದಿಲ್ಲ. ಬೈಬಲಿನ ಕಥೆ ಕೇಳಿ ನನ್ನ ಮಕ್ಕಳು ಮನೆಯ ದೇವರನ್ನು ಮರೆಯಲಿಲ್ಲ. ಇಬ್ಬರು ಅಪ್ಪಂದಿರಿರುವ ಗೆಳೆಯನ ಮನೆಗೆ ಹೋಗಿ ಬಂದು ಕೆಟ್ಟೂ ಹೋಗಲಿಲ್ಲ.

ಮೂಗುಬೊಟ್ಟಿನ ತಾಯಿಗೆ: ಶಾಲೆಯ ಸಮವಸ್ತ್ರ ನಿಯಮದ ಪ್ರತಿಯನ್ನು ಕೇಳಿ ಪಡೆಯಿರಿ, ಅದರಲ್ಲಿ ಧಾರ್ಮಿಕ ವಿನಾಯಿತಿಯ ಸಾಲು ಇದೆಯೇ ನೋಡಿ, ಮೂಗು ಚುಚ್ಚಿಸಿದ ದಿನ ಮನೆಯಲ್ಲಿ ಏನು ನಡೆಯಿತು, ಅಜ್ಜಿ ಏನು ಹೇಳಿದರು ಎಂಬುದನ್ನು ನಿಮ್ಮ ಮಗಳ ಮಾತಿನಲ್ಲೇ ಬರೆಸಿ. ಆಟದ ತರಗತಿಯಲ್ಲಿ ಅದರ ಮೇಲೆ ಪಟ್ಟಿ ಅಂಟಿಸಲು ಸಿದ್ಧ ಎಂದು ನೀವೇ ಮೊದಲು ಹೇಳಿ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರೆ ಗವರ್ನರ್‌ಗಳಿಗೆ ಬರೆಯುವ ಪತ್ರವನ್ನು ಇಬ್ಬರೂ ಕೂತು ಬರೆಯೋಣ.

ಬಳಗದ ಕಾರ್ಯಕಾರಿ ಸಮಿತಿಗೆ: ಈ ಗುಂಪಿನಲ್ಲಿ ಹಾಕುವ ಮನೆ, ಕೋಣೆ, ಕೆಲಸದ ಪ್ರಕಟಣೆಗಳಲ್ಲಿ ಜಾತಿಯನ್ನು ಬರೆಯಬಾರದು, ಫೋನಿನಲ್ಲಿಯೂ ಕೇಳಬಾರದು ಎಂಬ ನಿಯಮವನ್ನು ಮುಂದಿನ ಸರ್ವಸದಸ್ಯರ ಸಭೆಗೆ ಸೂಚನೆಯಾಗಿ ಕಳಿಸುತ್ತಿದ್ದೇನೆ, ಅನುಮೋದಿಸಲು ಇನ್ನೊಬ್ಬರ ಸಹಿ ಬೇಕು. ಆ ಹುಡುಗ ಈಗ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದಾನೆ. ಡಿಸೆಂಬರಿನಲ್ಲಿ ನನ್ನ ಮಗ ವಿಶ್ವವಿದ್ಯಾಲಯದಿಂದ ರಜೆಗೆ ಬರುವುದರೊಳಗೆ ಅವನಿಗೆ ಬೇರೆ ಕೋಣೆ ಬೇಕಾಗಿದೆ. ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ.