ಟ್ರಾಕ್ಟರಿನ ಗುಂಡಿ ಕೊರೆಯುವ ಯಂತ್ರ: ಗೊಚ್ಚಿನಲ್ಲಿ ಆಗರ್ ಇಳಿಯುತ್ತಿಲ್ಲ, ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತಿದೆ

ತೆಂಗಿನತೋಟ, ತಿಪಟೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೆಂಗಿನ ತೋಟದ ಸುತ್ತ ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕಿಸುತ್ತಿದ್ದೇವೆ. ಕಂಬಗಳು 7 ಅಡಿ ಉದ್ದವಿದ್ದು, 2 ಅಡಿಯಷ್ಟು ನೆಲದೊಳಗೆ ಹೋಗಬೇಕು. 45 ಎಚ್‌ಪಿ ಟ್ರಾಕ್ಟರಿಗೆ 12 ಇಂಚಿನ ಆಗರ್ (ಗುಂಡಿ ಕೊರೆಯುವ ದೊಡ್ಡ ತಿರುಪು) ಇರುವ ಯಂತ್ರವನ್ನು ಬಾಡಿಗೆಗೆ ತಂದಿದ್ದೇವೆ. ಮೇಲಿನ ಒಂದು ಅಡಿ ಕೆಂಪು ಮಣ್ಣಿನಲ್ಲಿ ಆಗರ್ ಸಲೀಸಾಗಿ ಇಳಿಯುತ್ತದೆ. ಅದರ ಕೆಳಗಿನ ಗೊಚ್ಚು (ಕಲ್ಲುಹರಳು ಬೆರೆತ ಗಟ್ಟಿ ಮಣ್ಣು) ಸಿಕ್ಕ ಕೂಡಲೇ ನಿಂತಲ್ಲೇ ಸುತ್ತತೊಡಗುತ್ತದೆ, ಮಣ್ಣು ಮೇಲಕ್ಕೆ ಬರುವುದಿಲ್ಲ. ಇಂಜಿನ್ ವೇಗ ಹೆಚ್ಚಿಸಿದರೆ ಯಾವುದೋ ಕಲ್ಲಿಗೆ ತಗುಲಿ ಶಿಯರ್ ಬೋಲ್ಟ್ (ಬಲ ಮೀರಿದರೆ ಮೊದಲು ಮುರಿಯುವಂತೆ ಇಟ್ಟಿರುವ ಬೋಲ್ಟ್) ತುಂಡಾಗುತ್ತದೆ.

ಯಂತ್ರದ ಜೊತೆ ಬಂದಿರುವ ಚಾಲಕರು ಎರಡು ಉಪಾಯ ಹೇಳುತ್ತಿದ್ದಾರೆ. ಬೋಲ್ಟಿನ ಜಾಗಕ್ಕೆ ಗಟ್ಟಿಯಾದ ಹೈ ಟೆನ್ಸೈಲ್ ಬೋಲ್ಟ್ ಹಾಕುವುದು ಒಂದು. ಕೊರೆಯುವಾಗ ಆಳುಗಳಿಬ್ಬರು ಬೂಮ್ (ಆಗರನ್ನು ಹಿಡಿದಿರುವ ಉದ್ದನೆಯ ತೋಳು) ಮೇಲೆ ನಿಂತು ಭಾರ ಕೊಡುವುದು ಇನ್ನೊಂದು. ನಮ್ಮ ಸುತ್ತಮುತ್ತ ಹೀಗೆ ಮಾಡುವುದನ್ನು ಬಹಳ ಕಡೆ ನೋಡಿದ್ದೇನೆ, ಆದರೆ ಮನಸ್ಸು ಒಪ್ಪದೆ ಕೆಲಸ ನಿಲ್ಲಿಸಿದ್ದೇನೆ. ಬೇರೆ ದಾರಿ ಇದ್ದರೆ ತಿಳಿದವರು ದಯವಿಟ್ಟು ಹೇಳಬೇಕು.

ಹಳೇ ಗ್ಯಾರೇಜ್, ಅರಸೀಕೆರೆ

ನೀವು ಕೆಲಸ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು ಸರ್. ಆ ಎರಡರಲ್ಲಿ ಒಂದು ಯಂತ್ರವನ್ನು ಕೆಡಿಸುತ್ತದೆ, ಇನ್ನೊಂದು ಮನುಷ್ಯರನ್ನು ಕೊಲ್ಲುತ್ತದೆ.

ಮೊದಲು ಭಾರದ ವಿಷಯ. ನಮ್ಮ ಟ್ರಾಕ್ಟರುಗಳ ಹೈಡ್ರಾಲಿಕ್ ಲಿಫ್ಟಿಗೆ ಎತ್ತುವ ಶಕ್ತಿ ಮಾತ್ರ ಇರುತ್ತದೆ, ಕೆಳಕ್ಕೆ ಒತ್ತುವ ಶಕ್ತಿ ಇರುವುದಿಲ್ಲ. ಆದ್ದರಿಂದ ಆಗರ್ ಇಳಿಯುವುದು ತನ್ನ ಮತ್ತು ಬೂಮಿನ ಭಾರದಿಂದ, ಹಾಗೂ ತಳದಲ್ಲಿರುವ ಬ್ಲೇಡುಗಳು ಮಣ್ಣನ್ನು ಕಚ್ಚಿ ಎಳೆದುಕೊಳ್ಳುವುದರಿಂದ. ಬ್ಲೇಡು ಕಚ್ಚದೇ ಹೋದಾಗ ಜನರಿಗೆ ತೋಚುವುದು ಮೇಲಿನಿಂದ ಭಾರ ಹೇರುವುದು. ಆದರೆ ಬೂಮ್ ಮೇಲೆ ನಿಂತವರ ಕಾಲಿನ ಪಕ್ಕದಲ್ಲೇ ಪಿಟಿಒ ಶಾಫ್ಟ್ (ಟ್ರಾಕ್ಟರಿನ ಇಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ದಂಡ) ತಿರುಗುತ್ತಿರುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 35 ಮಿಲಿಮೀಟರ್ ದಪ್ಪದ ಶಾಫ್ಟಿಗೆ ಲುಂಗಿಯ ಅಂಚೋ ಹೆಗಲ ಮೇಲಿನ ಟವೆಲ್ಲೋ ಸಿಕ್ಕಿದರೆ ಒಂದೇ ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ, ಹೊರಗಿನ ದಪ್ಪ ಕೊಳವೆಗೆ ಸಿಕ್ಕಿದರೆ ಇನ್ನೂ ಹೆಚ್ಚು. ಚಾಲಕರು ಕಿರುಚಾಟ ಕೇಳಿ ಕ್ಲಚ್ ತುಳಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಶಾಫ್ಟಿಗೆ ಸಿಗದಿದ್ದರೂ, ಆಗರ್ ಕಲ್ಲಿಗೆ ತಗುಲಿದಾಗ ಬೂಮ್ ಪಕ್ಕಕ್ಕೆ ಒದೆಯುವ ರಭಸಕ್ಕೆ ನಿಂತವರು ಬೀಳುವುದು ಆಗರ್ ಮೇಲೆಯೇ.

ಇನ್ನು ಬೋಲ್ಟ್. ಬೋಲ್ಟಿನ ತಲೆಯ ಮೇಲೆ ಅಂಕಿ ಇರುತ್ತದೆ, ನೋಡಿ. 4.6 ಎಂದಿರುವುದಕ್ಕಿಂತ 8.8 ಎಂದಿರುವ ಬೋಲ್ಟಿನ ಎಳೆತದ ಬಲ ಎರಡರಷ್ಟು. ಮೆದು ಬೋಲ್ಟ್ ಇರಬೇಕಾದ ಜಾಗದಲ್ಲಿ 8.8 ಹಾಕಿದರೆ ಅದು ತುಂಡಾಗದೆ ಉಳಿಯುತ್ತದೆ ನಿಜ, ಆದರೆ ಆ ಪೆಟ್ಟು ಗೇರ್‌ಬಾಕ್ಸಿನ ಹಲ್ಲಿಗೆ, ಶಾಫ್ಟಿನ ಕ್ರಾಸಿಗೆ (ಬಾಗುವ ಕೀಲಿಗೆ), ಕೊನೆಗೆ ಟ್ರಾಕ್ಟರಿನ ಪಿಟಿಒಗೆ ಹೋಗುತ್ತದೆ. 45 ಎಚ್‌ಪಿ ಟ್ರಾಕ್ಟರಿನ ಪಿಟಿಒದಲ್ಲಿ ಸುಮಾರು 500 ನ್ಯೂಟನ್ ಮೀಟರ್ ತಿರುಚುಬಲ ಸಿಗುತ್ತದೆ; ಗೇರ್‌ಬಾಕ್ಸ್ ವೇಗವನ್ನು ಮೂರನೇ ಒಂದಕ್ಕೆ ಇಳಿಸುವಂಥದ್ದಾದರೆ ಆಗರಿನ ಬಳಿ ಅದು 1500ರ ಹತ್ತಿರ ಹೋಗುತ್ತದೆ. ಅಷ್ಟು ಬಲ ಒಂದು ಕಲ್ಲಿಗೆ ಸಿಕ್ಕಿ ತಟ್ಟನೆ ನಿಂತಾಗ ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು. ಅದು ಅಗ್ಗದ ಬೋಲ್ಟಿನಲ್ಲೇ ಮುರಿಯಲಿ ಎಂದು ತಯಾರಕರು ಆ ಬೋಲ್ಟ್ ಇಟ್ಟಿದ್ದಾರೆ. ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಅಳತೆ ಮತ್ತು ಗ್ರೇಡಿನ ಬೋಲ್ಟುಗಳನ್ನೇ ಹತ್ತಾರು ತಂದು ಟೂಲ್‌ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಸರಿಯಾದ ಬೋಲ್ಟೇ ಪದೇ ಪದೇ ತುಂಡಾಗುತ್ತಿದ್ದರೆ ಇನ್ನೂ ಎರಡು ವಿಷಯ ನೋಡಬೇಕು. ಬೋಲ್ಟ್ ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ, ಅಥವಾ ನಟ್ ಸಡಿಲವಾಗಿದ್ದರೆ, ಬೋಲ್ಟ್ ಒಳಗೇ ಅಲ್ಲಾಡಿ ಕಲ್ಲು ಸಿಗದೆಯೂ ತುಂಡಾಗುತ್ತದೆ. ಹಾಗೆಯೇ, ಎರಡು ಭಾಗಗಳು ಕೂಡುವ ಜಾಗದಲ್ಲಿ ಬೋಲ್ಟಿನ ನುಣುಪಾದ ಭಾಗ ಇರಬೇಕೇ ಹೊರತು ಮರೆ (ನಟ್ ಕೂರುವ ತಿರುಪಿನ ಗೆರೆ) ಇರುವ ಭಾಗ ಇರಬಾರದು.

ಆದರೆ ನೀವು ಬರೆದ ಲಕ್ಷಣ ಓದಿದರೆ ನನ್ನ ಅನುಮಾನವೆಲ್ಲ ಬ್ಲೇಡಿನ ಮೇಲೆ. ಇಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಆಗರ್ ಅನ್ನು ನೆಲದ ಮೇಲೆ ಇಳಿಸಿ ಆಧಾರ ಕೊಟ್ಟು, ತಳದ ಎರಡು ಬ್ಲೇಡು ಮತ್ತು ನಡುವಿನ ಮೊನೆಯ ಫೋಟೋ ತೆಗೆದು ಹಾಕಿ. ಎತ್ತಿ ನಿಲ್ಲಿಸಿದ ಆಗರಿನ ಅಡಿಯಲ್ಲಿ ಮಾತ್ರ ಕೈಯಿಡಬೇಡಿ, ಹೈಡ್ರಾಲಿಕ್ ಯಾವಾಗ ಇಳಿಯುತ್ತದೆಂದು ಹೇಳಲಾಗದು.

ಎರೆಹೊಲ, ನವಲಗುಂದ

ನಮ್ಮ ಕಡೆ ಗೊಚ್ಚಿಲ್ಲ, ಎರೆ ಭೂಮಿ, ಆದ್ದರಿಂದ ತೊಂದರೆಯೂ ಬೇರೆ. ಹಸಿ ಹೆಚ್ಚಿದ್ದರೆ ಮಣ್ಣು ಆಗರಿಗೆ ಮೆತ್ತಿಕೊಂಡು ಮೇಲಕ್ಕೇ ಬರುವುದಿಲ್ಲ. ಒಣಗಿದ್ದರೆ ಕಬ್ಬಿಣದಷ್ಟು ಗಟ್ಟಿ. ಮಳೆ ನಿಂತ ಮೇಲೆ, ಮಣ್ಣನ್ನು ಹಿಡಿಯಲ್ಲಿ ಹಿಚುಕಿದರೆ ಉಂಡೆಯಾಗಿ ಬೆರಳಿಗೆ ಅಂಟದಂತಿರುವ ಹದ ನೋಡಿ ಕೊರೆಯುತ್ತೇವೆ. ಗುಂಡಿ ಕಂಬಕ್ಕಲ್ಲದೆ ಸಸಿಗೆ ಆದರೆ ಇನ್ನೊಂದು ಮಾತು: ಹಸಿ ಮಣ್ಣಿನಲ್ಲಿ ಆಗರ್ ತಿರುಗಿದಾಗ ಗುಂಡಿಯ ಗೋಡೆ ಸಾರಿಸಿದಂತೆ ನುಣುಪಾಗುತ್ತದೆ. ಅದರಲ್ಲಿ ನೀರೂ ಇಂಗುವುದಿಲ್ಲ, ಬೇರೂ ಹೊರಗೆ ಹೋಗುವುದಿಲ್ಲ. ಹಾರೆಯಿಂದ ಗೋಡೆಯನ್ನು ಸುತ್ತಲೂ ಕೆರೆದು ಒರಟು ಮಾಡಿಯೇ ಸಸಿ ಇಡಬೇಕು.

ತೆಂಗಿನತೋಟ, ತಿಪಟೂರು

ಇಬ್ಬರಿಗೂ ಧನ್ಯವಾದಗಳು. ಫೋಟೋ ಹಾಕಿದ್ದೇನೆ. ಒಂದು ಬ್ಲೇಡಿನ ಅಂಚು ಪೂರ್ತಿ ಉರುಟಾಗಿದೆ, ಇನ್ನೊಂದು ಅಷ್ಟಾಗಿ ಸವೆದಿಲ್ಲ. ಮೊನೆ ಮೊಂಡಾಗಿದೆ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಅರ್ಧ ಒಡೆದುಹೋಗಿದೆ. ಯಂತ್ರವನ್ನು ಜೋಡಿಸುವ, ಟ್ರಾಕ್ಟರಿನ ಕೆಳಗಿನ ಎರಡು ಲಿಂಕುಗಳ ಚೈನ್ ಸಡಿಲವಾಗಿರುವುದನ್ನೂ ಈಗ ಗಮನಿಸಿದೆ. ಗುಂಡಿಗಳು ಸ್ವಲ್ಪ ಓರೆಯಾಗಿಯೇ ಬರುತ್ತಿದ್ದವು, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಹಾಗೆಯೇ, ಆಗರ್ ಒಳಗೆ ಸಿಕ್ಕಿಕೊಂಡರೆ ಹೊರತೆಗೆಯುವ ಸರಿಯಾದ ಕ್ರಮ ಯಾವುದು?

ಹಳೇ ಗ್ಯಾರೇಜ್, ಅರಸೀಕೆರೆ

ಸಂಬಂಧ ಖಂಡಿತ ಇದೆ. ಒಂದೇ ಬ್ಲೇಡು ಕಚ್ಚುವಾಗ ಆಗರ್ ಒಂದು ಕಡೆಗೆ ವಾಲುತ್ತದೆ. ಬ್ಲೇಡುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸಬೇಕು, ಜೊತೆಗೆ ಮೊನೆಯನ್ನೂ. ಗೊಚ್ಚಿನಲ್ಲಿ ಹೊಸ ಬ್ಲೇಡೂ ಬೇಗ ಸವೆಯುವುದರಿಂದ, ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ಲೋಹದ ಪದರ ಕೂರಿಸುವ ಹಾರ್ಡ್ ಫೇಸಿಂಗ್ ರಾಡಿನಿಂದ ಅಂಚಿಗೆ ಒಂದು ಗೆರೆ ಎಳೆಸಿಕೊಂಡರೆ ಬಾಳಿಕೆ ಬರುತ್ತದೆ. ಚೈನ್ ಬಿಗಿ ಮಾಡಿ, ಯಂತ್ರ ಎಡಬಲಕ್ಕೆ ಅಲ್ಲಾಡಬಾರದು. ಓರೆಗೆ ಇನ್ನೊಂದು ಕಾರಣವೂ ಇದೆ: ಬೂಮ್ ಕಮಾನಿನ ದಾರಿಯಲ್ಲಿ ಇಳಿಯುವುದರಿಂದ, ಆಳಕ್ಕೆ ಹೋದಂತೆ ಆಗರಿನ ಮೇಲ್ತುದಿ ಟ್ರಾಕ್ಟರಿನ ಕಡೆಗೆ ಎಳೆಯಲ್ಪಡುತ್ತದೆ. ಅರ್ಧ ಆಳವಾದ ಮೇಲೆ ಆಗರ್ ಪೂರ್ತಿ ಎತ್ತಿ, ಪಿಟಿಒ ನಿಲ್ಲಿಸಿ, ಬೇಕಾದರೆ ಟ್ರಾಕ್ಟರನ್ನು ಸ್ವಲ್ಪ ಸರಿಸಿ ಮತ್ತೆ ಇಳಿಸಿ. ಆಗರ್ ನೆಲದೊಳಗಿರುವಾಗ ಮಾತ್ರ ಟ್ರಾಕ್ಟರ್ ಒಂದು ಇಂಚೂ ಕದಲಬಾರದು.

ಒಡೆದ ಕವರಿನೊಂದಿಗೆ ಕೆಲಸ ಶುರು ಮಾಡಬೇಡಿ. ಬಾಡಿಗೆಯವರು ತಕರಾರು ಮಾಡಿದರೂ ಹೊಸ ಕವರ್ ಹಾಕಿಸಿಯೇ ಯಂತ್ರ ಚಾಲೂ ಮಾಡಿಸಿ. ಆ ಕವರಿನ ತುದಿಯಲ್ಲಿ ಸಣ್ಣ ಚೈನ್ ಇರುತ್ತದೆ. ಅದನ್ನು ಕಟ್ಟಿದರೆ ಕವರ್ ನಿಂತಿರುತ್ತದೆ, ಒಳಗೆ ಶಾಫ್ಟ್ ಮಾತ್ರ ತಿರುಗುತ್ತದೆ. ಕಟ್ಟದಿದ್ದರೆ ಕವರೂ ಶಾಫ್ಟಿನ ಜೊತೆ ತಿರುಗಿ, ಇದ್ದೂ ಇಲ್ಲದಂತಾಗುತ್ತದೆ. ಯಂತ್ರವನ್ನು ಪೂರ್ತಿ ಎತ್ತಿದಾಗ ಮತ್ತು ಪೂರ್ತಿ ಇಳಿಸಿದಾಗ, ಎರಡೂ ಸ್ಥಿತಿಯಲ್ಲಿ ಶಾಫ್ಟಿನ ಎರಡು ಕೊಳವೆಗಳು ಒಂದರೊಳಗೊಂದು ಸಾಕಷ್ಟು ಕೂಡಿಕೊಂಡಿವೆಯೇ, ಎಲ್ಲಾದರೂ ತುದಿಗೆ ತಾಗುತ್ತಿವೆಯೇ ಎಂದು ಇಂಜಿನ್ ಆಫ್ ಇರುವಾಗಲೇ ಪರೀಕ್ಷಿಸಿ.

ಕೊರೆಯುವ ಕ್ರಮ ಹೀಗಿರಲಿ. ಹಿಂದಿನ ಸಂಜೆಯೇ ಗುರುತು ಹಾಕಿದ ಕಡೆ ಸಲಿಕೆಯಿಂದ ಚಿಕ್ಕ ತಗ್ಗು ಮಾಡಿ ಎರಡು ಕೊಡ ನೀರು ನಿಲ್ಲಿಸಿ, ಬೆಳಗಿನವರೆಗೆ ಇಂಗಲಿ. ಬೆಳಿಗ್ಗೆ ಇಂಜಿನ್ ನಿಧಾನ ವೇಗದಲ್ಲಿರುವಾಗ ಮೊನೆಯನ್ನು ಗುರುತಿನ ಮೇಲೆ ಇಳಿಸಿ ಪಿಟಿಒ ಹಾಕಿ. ಮೊನೆ ಕಚ್ಚಿದ ಮೇಲೆ ಸ್ವಲ್ಪ ವೇಗ ಕೊಡಿ, ಪೂರ್ತಿ ವೇಗ ಬೇಡ. ಲಿವರನ್ನು ಒಮ್ಮೆಲೇ ಕೆಳಕ್ಕೆ ಬಿಡಬಾರದು. ಬಿಟ್ಟರೆ ಆಗರ್ ತಿರುಪಿನ ಹಾಗೆ ತಾನೇ ಒಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ. ಆರೇಳು ಇಂಚು ಇಳಿದೊಡನೆ ಮೇಲಕ್ಕೆತ್ತಿ ಮಣ್ಣು ಉದುರಿಸಿ, ಮತ್ತೆ ಇಳಿಸಿ. ಗೊಚ್ಚು ಸಿಕ್ಕಿ ನಿಂತಲ್ಲೇ ಸುತ್ತುತ್ತಿದ್ದರೆ ವೇಗ ಹೆಚ್ಚಿಸುವುದರಿಂದ ಬ್ಲೇಡು ಕಾದು ಮೆದುವಾಗುತ್ತದೆ ಅಷ್ಟೇ. ಯಂತ್ರ ನಿಲ್ಲಿಸಿ, ಆಗರ್ ಪಕ್ಕಕ್ಕೆ ಸರಿಸಿ ನೆಲಕ್ಕಿಳಿಸಿ, ಹಾರೆಯಿಂದ ತಳವನ್ನು ಸಡಿಲಿಸಿ, ಇನ್ನೊಂದು ಕೊಡ ನೀರು ಹಾಕಿ ಮುಂದಿನ ಗುಂಡಿಗೆ ಹೋಗಿ, ಆಮೇಲೆ ಇದಕ್ಕೆ ಮರಳಿ ಬನ್ನಿ. ಬಂಡೆಯೇ ಸಿಕ್ಕಿದರೆ ಕಂಬವನ್ನು ಒಂದಡಿ ಆಚೆಗೆ ಸರಿಸುವುದೇ ಜಾಣತನ. ಇದು ಮಣ್ಣಿನ ಯಂತ್ರ, ಬಂಡೆಯದಲ್ಲ.

ಆಗರ್ ಸಿಕ್ಕಿಕೊಂಡಾಗ ಹೆಚ್ಚಿನವರು ಹೈಡ್ರಾಲಿಕ್ ಲಿವರ್ ಎಳೆದು ಕೀಳಲು ನೋಡುತ್ತಾರೆ. ಆಗ ಟ್ರಾಕ್ಟರಿನ ಮುಂಗಾಲಿ ಏಳುತ್ತದೆ, ಇಲ್ಲವೇ ಬೂಮ್ ಬಾಗುತ್ತದೆ. ಪಿಟಿಒ ತೆಗೆದು, ಇಂಜಿನ್ ಆಫ್ ಮಾಡಿ, ಶಾಫ್ಟ್ ಪೂರ್ತಿ ನಿಂತ ಮೇಲೆ ಇಳಿಯಿರಿ. ದೊಡ್ಡ ಪೈಪ್ ವ್ರೆಂಚನ್ನು ಆಗರಿನ ನಡುಗೊಳವೆಗೆ ಹಾಕಿ, ಕೊರೆಯುವ ದಿಕ್ಕಿಗೆ ವಿರುದ್ಧವಾಗಿ ಕೈಯಿಂದಲೇ ತಿರುಗಿಸಿ. ಒಂದೆರಡು ಸುತ್ತು ಬಿಟ್ಟುಕೊಂಡರೆ ಸಾಕು, ವ್ರೆಂಚ್ ತೆಗೆದಿಟ್ಟು ಸೀಟಿಗೆ ಹೋಗಿ ನಿಧಾನವಾಗಿ ಎತ್ತಿ. ವ್ರೆಂಚ್ ಅಲ್ಲೇ ಇರುವಾಗ ಇಂಜಿನ್ ಸ್ಟಾರ್ಟ್ ಆಗದಂತೆ ಕೀಲಿ ನಿಮ್ಮ ಬಳಿಯೇ ಇರಲಿ. ಕೆಲವು ಟ್ರಾಕ್ಟರುಗಳಲ್ಲಿ ರಿವರ್ಸ್ ಪಿಟಿಒ ಇದೆ. ಇದ್ದರೆ ಅದನ್ನೂ ಬಳಸಬಹುದು, ಆದರೆ ಇಂಜಿನ್ ಅತಿ ನಿಧಾನದಲ್ಲಿರಬೇಕು, ಯಂತ್ರದ ಕೈಪಿಡಿಯೂ ಅದಕ್ಕೆ ಒಪ್ಪಿರಬೇಕು.

ಯಂತ್ರ ತಿರುಗುವಾಗ ಚಾಲಕರನ್ನು ಬಿಟ್ಟು ಉಳಿದವರು ಕನಿಷ್ಠ 20 ಅಡಿ ದೂರದಲ್ಲಿರಲಿ. ಮಣ್ಣನ್ನು ಸಲಿಕೆಯಿಂದ ಎಳೆದುಕೊಡಲು ಯಾರೂ ಹತ್ತಿರ ಬರಬಾರದು, ಆ ಕೆಲಸವನ್ನು ಆಗರ್ ನಿಂತ ಮೇಲೆ ಮಾಡಿದರಾಯಿತು. ಟವೆಲ್, ಲುಂಗಿ, ಸಡಿಲ ಅಂಗಿ ಬೇಡ. ಹೆಣ್ಣಾಳುಗಳಿದ್ದರೆ ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳಲು ಹೇಳಿದರಷ್ಟೇ ಸಾಲದು, ಅವರನ್ನು ದೂರದ ಕಂಬ ಸಾಗಿಸುವ ಕೆಲಸಕ್ಕೆ ಹಾಕಿ.

ತೆಂಗಿನತೋಟ, ತಿಪಟೂರು

ಹೊಸ ಬ್ಲೇಡು ಜೋಡಿ, ಮೊನೆ, ಕವರ್ ಎಲ್ಲವನ್ನೂ ಹಾಕಿಸಿ, ಚೈನ್ ಬಿಗಿ ಮಾಡಿ, ಹಿಂದಿನ ಸಂಜೆ ನೀರು ನಿಲ್ಲಿಸಿ ಕೆಲಸ ಮತ್ತೆ ಆರಂಭಿಸಿದೆವು. ಗೊಚ್ಚಿನಲ್ಲೂ ಆಗರ್ ತಾನಾಗಿಯೇ ಇಳಿಯುತ್ತಿದೆ, ಬೂಮ್ ಮೇಲೆ ಯಾರೂ ಹತ್ತುವ ಅಗತ್ಯವೇ ಬೀಳಲಿಲ್ಲ. ಚಾಲಕರೂ ಈಗ ಒಪ್ಪಿಕೊಂಡು ನಿಧಾನ ವೇಗದಲ್ಲೇ ಓಡಿಸುತ್ತಿದ್ದಾರೆ. ಬೋಲ್ಟ್ ಈಗಲೂ ಆಗೊಮ್ಮೆ ಈಗೊಮ್ಮೆ ತುಂಡಾಗುತ್ತದೆ, ಆದರೆ ಆ ಗುಂಡಿಯಲ್ಲಿ ನೋಡಿದರೆ ದೊಡ್ಡ ಕಲ್ಲು ಇದ್ದೇ ಇರುತ್ತದೆ. ಒಂದು ಬದಿಯ ಬೇಲಿಸಾಲು ಬೋರ್‌ವೆಲ್ ಪಕ್ಕದಲ್ಲೇ ಹಾದುಹೋಗುತ್ತದೆ, ಅಲ್ಲಿ ಏನಾದರೂ ಎಚ್ಚರಿಕೆ ಬೇಕೇ?

ಹಳೇ ಗ್ಯಾರೇಜ್, ಅರಸೀಕೆರೆ

ಬೇಕು. ಪ್ಯಾನಲ್ ಬೋರ್ಡಿನಿಂದ ಬೋರ್‌ವೆಲ್ಲಿಗೆ ಹೋಗುವ ಕೇಬಲ್ಲನ್ನು ಮತ್ತು ಡ್ರಿಪ್ಪಿನ ಮೇನ್ ಪೈಪನ್ನು ಎಷ್ಟೋ ತೋಟಗಳಲ್ಲಿ ಒಂದೆರಡು ಅಡಿ ಆಳದಲ್ಲೇ ಹೂಳಿರುತ್ತಾರೆ, ನೀವು ಕೊರೆಯುವುದೂ ಅಷ್ಟೇ ಆಳ. ಹೂಳಿಸಿದವರನ್ನು ಕರೆಸಿ ದಾರಿ ಗುರುತು ಹಾಕಿಸಿ, ಆ ಸಾಲಿನಲ್ಲಿ ಕೆಲಸ ಮುಗಿಯುವವರೆಗೆ ಮೇನ್ ಸ್ವಿಚ್ ತೆಗೆದು ಫ್ಯೂಸ್ ನಿಮ್ಮ ಬಳಿ ಇಟ್ಟುಕೊಳ್ಳಿ. ಗುರುತಿನ ಎರಡೂ ಬದಿಗೆ ಮೂರು ಮೂರು ಅಡಿಯೊಳಗೆ ಬರುವ ಗುಂಡಿಗಳನ್ನು ಯಂತ್ರದಿಂದ ಕೊರೆಯದೆ ಕೈಯಲ್ಲೇ ತೆಗೆಸಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ಬೂಮ್ ಪೂರ್ತಿ ಎತ್ತಿದಾಗ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ದೂರದ ಬಯಲಿನಲ್ಲಿ ಅಳೆದುಕೊಂಡೇ ಅಲ್ಲಿಗೆ ಹೋಗಿ. ಕೊರೆದ ಗುಂಡಿಗಳಿಗೆ ಅದೇ ದಿನ ಕಂಬ ನಿಲ್ಲಿಸಿ. ಉಳಿದವುಗಳ ಮೇಲೆ ಗರಿ ಮುಚ್ಚಬೇಡಿ, ಗುಂಡಿ ಕಾಣದೆ ಕರುವೋ ಮಕ್ಕಳೋ ಕಾಲಿಡುತ್ತಾರೆ. ಚಪ್ಪಡಿ ಕಲ್ಲು ಅಥವಾ ಹಲಗೆ ಹಾಕಿ ಪಕ್ಕದಲ್ಲೊಂದು ಗೂಟ ನೆಡಿ.