ಸಹಾಯ ಬೇಕು: ಚೀನಾದಿಂದ ಅಡುಗೆಮನೆ ತರಿಸಿದರೆ ನಿಜವಾಗಿ ಉಳಿತಾಯವಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ವಿಜಯನಗರದಲ್ಲಿ ನಮ್ಮ ಮನೆ ಮುಗಿಯುತ್ತಾ ಬಂದಿದೆ, ಉಳಿದಿರುವುದು ಅಡುಗೆಮನೆಯೊಂದೇ. ಮಾಡ್ಯುಲರ್ ಕಿಚನ್‌ಗೆ ಇಲ್ಲಿ ಮೂರು ಕಡೆ ವಿಚಾರಿಸಿದೆ. ಕಡಿಮೆಯೆಂದರೂ 4 ಲಕ್ಷ ರೂಪಾಯಿ. ಚೀನಾದ ಫೋಶಾನ್‌ನ ಕಾರ್ಖಾನೆಯೊಂದು ಅದೇ ಅಳತೆಗೆ, ಗ್ರಾನೈಟ್ ಬಿಟ್ಟು, 1.8 ಲಕ್ಷ ಹೇಳಿದೆ. ಸಾಲದ ಕಂತು ಆಗಲೇ ಶುರುವಾಗಿರುವ ನಮಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಆದರೆ ಆ ದರ ಎಫ್‌ಒಬಿ, ಅಂದರೆ ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾತ್ರ. ಹಡಗಿನ ಬಾಡಿಗೆ, ವಿಮೆ ಸೇರಿದ ಮೊತ್ತಕ್ಕೆ ಕಸ್ಟಮ್ಸ್ ಸುಂಕ. ಸುಂಕವೂ ಸೇರಿದ ಮೊತ್ತಕ್ಕೆ ಮತ್ತೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ. ಚೆನ್ನೈ ಬಂದರಿನಿಂದ ಇಲ್ಲಿಗೆ ಲಾರಿ ಬಾಡಿಗೆ ಬೇರೆ. ಅಮ್ಮನಿಗೆ ಕಟ್ಟೆ 32 ಇಂಚಿಗಿಂತ ಎತ್ತರವಿದ್ದರೆ ಭುಜ ನೋಯುತ್ತದೆ. ಅಳತೆ ತಪ್ಪಿ ಬಂದರೆ ಹಿಂದಿರುಗಿಸುವ ಮಾತೇ ಇಲ್ಲ.

ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಇಬ್ಬರು ಕ್ಲಿಯರಿಂಗ್ ಏಜೆಂಟರನ್ನು ಕೇಳಿದೆ. ಸ್ವಂತ ಬಳಕೆಗಾದರೆ ಐಇಸಿ (ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ) ಸಂಖ್ಯೆ ಬೇಡ ಎಂದು ಒಬ್ಬರು, ಅದಿಲ್ಲದೆ ಸರಕು ಬಿಡಿಸಲಾಗದು ಎಂದು ಇನ್ನೊಬ್ಬರು. ನಾನು ಸಿಕ್ಕಿಕೊಂಡಿರುವುದು ಇಲ್ಲಿಯೇ. ಶುಕ್ರವಾರದೊಳಗೆ ಮುಂಗಡ ಕಳಿಸಬೇಕು.

ಸ್ವಂತ ಮನೆಗೆಂದು ಹೀಗೆ ತರಿಸಿದವರು ಯಾರಾದರೂ ಇದ್ದೀರಾ? ಐಇಸಿ ಇಲ್ಲದೆ ಸರಕು ಬಿಡಿಸಿಕೊಂಡಿರಾ, ಮನೆ ಬಾಗಿಲಿಗೆ ಬರುವಷ್ಟರಲ್ಲಿ ಕಾರ್ಖಾನೆಯ ದರದ ಮೇಲೆ ಒಟ್ಟು ಎಷ್ಟು ಹೆಚ್ಚಾಯಿತು?